ವಾರಸುದಾರರು ಇಲ್ಲ

೪ ಮೇ ೧೯೪೮, ಮಂಗಳವಾರ. ಬೆಟಗೇರಿ

ಪುಣೆಯಿಂದ ಪೆಟ್ಟಿಗೆ ಬಂತು. ಐನೂರು ಫಾರ್ಮು, ಎರಡು ಡಜನ್ ಪೆನ್ಸಿಲು, ಜೊತೆಗೆ ಪ್ರೊಫೆಸರರ ಆರು ಪುಟದ ಸೂಚನೆಗಳು. ರಜಾಕಾರರ ಕಾಟ ತಾಳಲಾರದೆ ನಿಜಾಮನ ಸೀಮೆ ಬಿಟ್ಟು ಈಚೆ ಬಂದವರ ಪಾಹಣಿ, ಅಂದರೆ ಸಮೀಕ್ಷೆ, ಮಾಡಬೇಕು. ಯಾವ ಊರು, ಏನು ಬಿಟ್ಟು ಬಂದರು, ಯಾರನ್ನು ಕಳೆದುಕೊಂಡರು. ಕುಟುಂಬಕ್ಕೊಂದು ಫಾರ್ಮು, ಫಾರ್ಮಿಗೆ ಇಪ್ಪತ್ತೆರಡು ಕಾಲಂ. ಈ ಭಾಗದಲ್ಲಿ ಇಂಥ ಅಧ್ಯಯನ ಇದೇ ಮೊದಲು ಎಂದು ಪ್ರೊಫೆಸರರು ಬರೆದಿದ್ದಾರೆ. ನಾಲ್ಕು ವರ್ಷ ಶಾಲೆಯಲ್ಲಿ ಹಾಜರಿ ಕೂಗಿ ಗಂಟಲು ಹರಿದುಕೊಂಡ ಈ ಚನ್ನಬಸವಣ್ಣ ಮಾಸ್ತರನ ಎಂ.ಎ. ಕಡೆಗೂ ಉಪಯೋಗಕ್ಕೆ ಬಂತು.

ಅವ್ವ ಮಗ್ಗದಿಂದ ಏಳದೆಯೇ ಕೇಳಿದಳು. “ಏನಪಾ, ಇಷ್ಟ ಕಾಗದಾ?”

“ಊರ ಬಿಟ್ಟ ಬಂದವರ ಸುದ್ದಿ ಬರಕೊಳ್ಳೂದವ್ವಾ.”

“ಬರಕೊಂಡು ಅವರಿಗೆ ಏನ ಕೊಡ್ತೀರಿ?”

ಅವ್ವನಿಗೆ ಹೇಗೆ ತಿಳಿಸಲಿ! ಸಂಶೋಧನೆಯಲ್ಲಿ ಕೊಡುವುದು ಇರುವುದಿಲ್ಲ, ತಿಳಿದುಕೊಳ್ಳುವುದಷ್ಟೇ ಇರುತ್ತದೆ. ನಕ್ಕು ಫಾರ್ಮು ಎಣಿಸತೊಡಗಿದೆ.

೯ ಮೇ, ರವಿವಾರ. ಮುಂಡರಗಿ

ಸರ್ವಿಸ್ ಮೋಟಾರಿನ ಧೂಳು ಇನ್ನೂ ಹಲ್ಲಿನಲ್ಲಿದೆ. ನಿರಾಶ್ರಿತರ ಕ್ಯಾಂಪು ಎಂದರೆ ಒಂದು ಹಳೆಯ ಅರಳೆ ವಖಾರಿ. ಹತ್ತಿಯ ಅಂಡಿಗೆ ಒಟ್ಟುತ್ತಿದ್ದಲ್ಲಿ ಈಗ ನಾನೂರು ಮಂದಿ ಮಲಗುತ್ತಾರೆ. ಗೋಡೆಯ ಸಂದಿಗಳಲ್ಲಿ ಇನ್ನೂ ಅರಳೆಯ ಎಳೆಗಳಿವೆ. ಮೂರು ಕಲ್ಲಿನ ಒಲೆಗಳ ಕಿಡಿ ಹಾರಿದರೆ ಗತಿಯೇನು ಎಂದು ವ್ಯವಸ್ಥಾಪಕರಿಗೆ ಹೇಳಿದೆ. ಅವರು ಕೈ ಮುಗಿದರು. ಪಾಪ, ಒಬ್ಬರೇ ಎಷ್ಟು ನೋಡಿಯಾರು.

ಯಾರಿಗೂ ತಮ್ಮ ವಯಸ್ಸು ಗೊತ್ತಿಲ್ಲ. “ಪ್ಲೇಗ ಬಂದಾಗ ಅಂಬೆಗಾಲ ಇಡತಿದ್ನಿ” ಎನ್ನುತ್ತಾರೆ. ಎಷ್ಟನೆಯ ಪ್ಲೇಗು? ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಕಾಲಂ ತುಂಬುವುದು ಹೇಗೆ! ಸಂಜೆಯವರೆಗೆ ಹನ್ನೊಂದೇ ಫಾರ್ಮು ಆದವು. ಒಬ್ಬ ಮುದುಕ ನನ್ನ ಕೈಬರಹ ನೋಡಿ “ಮುತ್ತ ಪೋಣಿಸಿದಂಗ ಐತ್ರಿ” ಎಂದ. ಅವನಿಗೆ ಓದಲು ಬರುವುದಿಲ್ಲ. ಆದರೂ ಹಿತವಾಯಿತು.

೧೩ ಮೇ, ಗುರುವಾರ

ಇಂದು ಒಂದು ಸುಳ್ಳು ಹಿಡಿದೆ.

ಕುಟುಂಬ ಸಂಖ್ಯೆ ೮೬. ತಿಪ್ಪವ್ವ ಎಂಬ ಹೆಂಗಸು, ನಲವತ್ತರ ಆಚೀಚೆ. ಗಂಡನನ್ನು ಏಪ್ರಿಲ್‌ನಲ್ಲಿ ರಜಾಕಾರರು ಕೊಂದರು. ಕಾಲಂ ಎಂಟು, ತಂದ ಸಾಮಾನು: ಮೊರ ಒಂದು. ಜೋಳ ಹಸನು ಮಾಡುತ್ತ ಕುಳಿತಿದ್ದಾಗ ಕುದುರೆಗಳು ಬಂದವಂತೆ, ಕೈಯಲ್ಲಿದ್ದ ಮೊರವನ್ನು ಹಾಗೆಯೇ ಹಿಡಿದು ಓಡಿದಳಂತೆ. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ. ಅವಳು ಯಾರೆಂದು ನಾನು ಕೇಳುವ ಮೊದಲೇ ಹೇಳಿದಳು, “ಈಕಿ ನನ್ನ ಮಗಳ್ರಿ. ಮಗಳು ಅಂತ ಬರ್ಕೊರಿ.” ಕಣ್ಣು ನೆಲದ ಮೇಲಿದ್ದವು. ಶಾಲೆಯಲ್ಲಿ ಇಂಥ ಕಣ್ಣು ನಾನು ಎಷ್ಟು ನೋಡಿಲ್ಲ!

ಹುಡುಗಿಯನ್ನು ವಖಾರಿಯ ಹಿಂದೆ ಕರೆದೊಯ್ದು ಒಂದು ಪೆಪ್ಪರಮಿಂಟು ಕೊಟ್ಟೆ. ಹೆಸರು ಉಡಚವ್ವ.

“ನಿಮ್ಮವ್ವ ಎಲ್ಲಿ ಅದಾಳ?”

“ಬಾವ್ಯಾಗ.”

“ಮತ್ತ ತಿಪ್ಪವ್ವ ಯಾರು?”

“ನಾನೂ ಜಿಗ್ಯಾಕ ಹೋಗಿದ್ನಿ. ಆಕಿ ನನ್ನ ಜಡಿ ಹಿಡದು ಜಗ್ಗಿದ್ಲು.”

ಬಂದು ತಿಪ್ಪವ್ವನಿಗೆ, ನೀನು ಹೇಳಿದ್ದು ಸುಳ್ಳು ಎಂದೆ. ಅವಳು ವಾದ ಮಾಡಲಿಲ್ಲ. “ಖರೆ ಐತ್ರಿ, ನಾ ಹಡದಾಕಿ ಅಲ್ಲ. ಈಗ ಆಕಿಗೆ ನಾ, ನನಗ ಆಕಿ. ಮಗಳು ಅಂತ ಬರದ್ರ ನಿಮ್ಮ ಶಾಯಿ ಏನ ಸವೀತೈತ್ರಿ?”

ನಾಲ್ಕನೆಯ ಸೂಚನೆಯನ್ನು ಕನ್ನಡದಲ್ಲಿ ಹೇಳಿ ತಿಳಿಸಿದೆ: ರಕ್ತಸಂಬಂಧ ಇಲ್ಲದವರನ್ನು ಕುಟುಂಬದ ಸದಸ್ಯರೆಂದು ಗಣಿಸಬಾರದು. ಮಕ್ಕಳ ಯಾದಿಯಲ್ಲಿ ಬರೆದೆ: ಉಡಚವ್ವ, ೯, ತಂದೆ ಮೃತ, ತಾಯಿ ಮೃತ, ವಾರಸುದಾರರು ಇಲ್ಲ. ಕನಿಕರ ಬರಲಿಲ್ಲವೆಂದಲ್ಲ. ಆದರೆ ಕನಿಕರ ಬಂದ ಕಡೆಯೆಲ್ಲ ಒಂದೊಂದು ಸುಳ್ಳು ಬರೆಯುತ್ತ ಹೋದರೆ ಕೋಷ್ಟಕ ಹೋಗಿ ಅಜ್ಜಿಕತೆಯಾಗುತ್ತದೆ.

೧೬ ಮೇ, ರವಿವಾರ

ವಾರಸುದಾರರು ಇಲ್ಲದ ಮಕ್ಕಳು ಒಟ್ಟು ಇಪ್ಪತ್ತಮೂರು. ಮೂವರು ಉಡಚವ್ವರು, ಇಬ್ಬರು ಯಂಕಪ್ಪರು. ಹೆಸರು ಕೂಗಿದರೆ ಮೂರು ಮೂಲೆಯಿಂದ ಓಡಿ ಬರುತ್ತವೆ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಟ್ಟು, ಶಾಲೆಯಂತೆ ಸಾಲಾಗಿ ನಿಲ್ಲಿಸಿ ಹಾಜರಿ ಕಲಿಸಿದೆ. ಎರಡೇ ದಿನಕ್ಕೆ ಬಾಯಿಪಾಠವಾಗಿದೆ. ತಿಪ್ಪವ್ವನ ಹುಡುಗಿಯದು ಹದಿನೇಳು. “ಹದಿನೇಳು, ಹಾಜರ್ರಿ!” ಎಂದು ಕೂಗಿದರೆ ಮಾಡಿನ ತಗಡು ನಡುಗಬೇಕು. ಶಾಲೆಯ ಮುಖ ಕಂಡವಳಲ್ಲ, ಈ ಆಟ ಅವಳಿಗೆ ಹಿಡಿಸಿದೆ. ಬಾವಿಯ ಹತ್ತಿರ ಮಾತ್ರ ಬರುವುದಿಲ್ಲ, ದೂರದಲ್ಲೇ ನಿಂತು ನನ್ನನ್ನು ಕಂಡು “ಹಾಜರ್ರಿ” ಎನ್ನುತ್ತಾಳೆ. ಇಡೀ ಕ್ಯಾಂಪಿನಲ್ಲಿ ನನ್ನನ್ನು ಕಂಡು ಖುಷಿಪಡುವವಳು ಅವಳೊಬ್ಬಳೇ.

೨೩ ಮೇ, ರವಿವಾರ

ಮೈಲಾರಲಿಂಗಪ್ಪನವರು ಬಂದಿದ್ದರು. ಐವತ್ತರ ಹತ್ತಿರದ ಮನುಷ್ಯ, ಬಿಳಿ ಖಾದಿ, ಹಣೆ ತುಂಬ ವಿಭೂತಿ. ಕ್ಯಾಂಪಿಗೆ ಆಗಾಗ ಜೋಳ ಕಳಿಸುತ್ತಾರಂತೆ. ವ್ಯವಸ್ಥಾಪಕರು ಎದ್ದು ನಿಂತು ಮಾತಾಡಿಸುತ್ತಾರೆ. ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಫಾರ್ಮುಗಳನ್ನು ಒಂದೊಂದಾಗಿ ಓದಿದರು. ಇಷ್ಟು ದಿನಕ್ಕೆ ಇವನ್ನು ಓದಿದ ಮೊದಲನೆಯ ಮನುಷ್ಯ!

“ಮಾಸ್ತರ, ಸರಕಾರಿ ಕಾಗದಾನೂ ಇಷ್ಟ ಚೊಕ್ಕ ಇರೂದಿಲ್ಲ ನೋಡ್ರಿ. ಈ ಮಕ್ಕಳ ಯಾದಿ ನನಗೊಂದು ನಕಲ ಮಾಡಿ ಕೊಡ್ರಿ. ಲಕ್ಷ್ಮೇಶ್ವರದಾಗ ನಮ್ಮವರದೊಂದು ಬಾಲಿಕಾಶ್ರಮ ಐತಿ. ಯಾರೂ ಇಲ್ಲದ ಕೂಸುಗಳು, ಈ ಹೊಗಿಯೊಳಗ ಯಾಕ ಬೀಳಬೇಕು?”

ಯಾದಿಯನ್ನು ಹೊರಗಿನವರಿಗೆ ಕೊಡಬಾರದೆಂದು ಸೂಚನೆಗಳಲ್ಲಿ ಎಲ್ಲಿಯೂ ಇಲ್ಲ. ಎರಡು ಸಲ ನೋಡಿದೆ. ಕೆಂಪು ಶಾಯಿಯಲ್ಲಿ ಗೆರೆ ಹೊಡೆದು, ವಯಸ್ಸಿನ ಪ್ರಕಾರ ಜೋಡಿಸಿ, ಕೆಳಗೆ ಸಹಿ ಮಾಡಿ ಕೊಟ್ಟೆ. ಬರೆದದ್ದು ಕಪಾಟು ಸೇರದೆ ಕೂಡಲೇ ಒಬ್ಬರ ಉಪಯೋಗಕ್ಕೆ ಬರುವ ಭಾಗ್ಯ ಎಷ್ಟು ಸಂಶೋಧಕರಿಗೆ ಸಿಗುತ್ತದೆ? ಅವ್ವನಿಗೆ ಹೇಳಬೇಕು, ಏನು ಕೊಡುತ್ತೀರಿ ಎಂದು ಕೇಳಿದ್ದಳಲ್ಲ.

೨೯ ಮೇ, ಶನಿವಾರ

ಮಕ್ಕಳನ್ನು ಇಂದು ಕರೆದೊಯ್ದರು. ಚಕ್ಕಡಿಯಲ್ಲಿ ಒಂಬತ್ತು ಮಂದಿ, ಎಲ್ಲರೂ ಹುಡುಗಿಯರು, ಏಳರಿಂದ ಹನ್ನೆರಡು ವಯಸ್ಸಿನವರು. ಗಂಡುಮಕ್ಕಳಿಗೆ ಬೇರೆ ಕಡೆ ವ್ಯವಸ್ಥೆ ಆಗುತ್ತದಂತೆ. ಸಂಗಡ ಒಬ್ಬ ಹೆಂಗಸು ಬಂದಿದ್ದಳು. ಒಬ್ಬೊಬ್ಬರನ್ನೂ ಬೆಳಕಿಗೆ ತಿರುಗಿಸಿ ನೋಡಿ ಹತ್ತಿಸಿಕೊಂಡಳು. ಆರೋಗ್ಯದ ತಪಾಸಣೆ ಇರಬೇಕು.

ತಿಪ್ಪವ್ವ ಚಕ್ಕಡಿಯ ಗಾಲಿಗೆ ಅಡ್ಡ ಮಲಗಿದಳು. ವ್ಯವಸ್ಥಾಪಕರು ನನ್ನ ಯಾದಿ ತೆಗೆದು ಓದಿದರು. “ವಾರಸುದಾರರು ಇಲ್ಲ ಅಂತ ಮಾಸ್ತರು ಬರದಾರವ್ವ. ನಾ ಏನ ಮಾಡ್ಲಿ?”

ಅವಳು ಮಲಗಿದಲ್ಲಿಂದಲೇ ನನ್ನತ್ತ ಮುಖ ತಿರುಗಿಸಿದಳು. “ಮಾಸ್ತರ, ಬರೀಲಿಲ್ಲ, ಬಿಡ್ರಿ. ಬಾಯಿಲೆ ಆದ್ರೂ ಒಂದ ಮಾತ ಹೇಳ್ರಿ.”

ನಾನು ಇದ್ದದ್ದನ್ನು ಇದ್ದಂತೆ ಬರೆದಿದ್ದೇನೆ ಎಂದೆ. ಮತ್ತೇನು ಹೇಳಲಿಕ್ಕಿತ್ತು? ಮೈಲಾರಲಿಂಗಪ್ಪನವರೇ ಅವಳ ತೋಳು ಹಿಡಿದು ಎಬ್ಬಿಸಿ, ಕಾರಹುಣ್ಣಿಮೆಗೆ ಹುಡುಗಿಯನ್ನು ಕರೆತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟರು. ಚಕ್ಕಡಿ ಹೊರಟಾಗ ಹುಡುಗಿ ದೊಡ್ಡ ದನಿ ತೆಗೆದು ಅತ್ತಳು. ನಾನು “ಹದಿನೇಳು!” ಎಂದು ಕೂಗಿದೆ. ಬಿಕ್ಕುತ್ತಲೇ “ಹಾಜರ್ರಿ” ಎಂದಳು, ಅಳು ನಿಂತಿತು. ಮಕ್ಕಳಿಗೆ ಶಿಸ್ತು ಎಷ್ಟು ಆಧಾರ ಕೊಡುತ್ತದೆ ನೋಡು ಎನ್ನಿಸಿತು.

೬ ಜೂನ್, ರವಿವಾರ. ಬೆಟಗೇರಿ

ಪ್ರೊಫೆಸರರ ಪತ್ರ ಬಂತು. ಒಂಬತ್ತನೆಯ ಕೋಷ್ಟಕ, ಅಂದರೆ ಅನಾಥ ಮಕ್ಕಳದು, ಮಾದರಿ ಎನ್ನುವ ಹಾಗಿದೆಯಂತೆ. ಪತ್ರವನ್ನು ನಾಲ್ಕು ಸಲ ಓದಿದೆ.

ಊಟಕ್ಕೆ ಕುಳಿತಾಗ ಅವ್ವನಿಗೆ ಎಲ್ಲ ಹೇಳಿದೆ, ಪೆಪ್ಪರಮಿಂಟು ಕೊಟ್ಟು ಸುಳ್ಳು ಹಿಡಿದದ್ದನ್ನೂ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ಮಗಳು ಅಂತ ಬರದಿದ್ರ ಎಷ್ಟ ಅಕ್ಷರಾ ಆಗ್ತಿದ್ವು?”

“ಮೂರು.”

ಅವ್ವ ಮತ್ತೆ ರೊಟ್ಟಿ ತಟ್ಟತೊಡಗಿದಳು. ನನಗೆ ಎರಡನೆಯ ರೊಟ್ಟಿ ಹಾಕಲಿಲ್ಲ, ಮರೆತಿರಬೇಕು.

೨೧ ಜೂನ್, ಸೋಮವಾರ. ಮುಂಡರಗಿ

ಕಾರಹುಣ್ಣಿಮೆ. ತಿಪ್ಪವ್ವ ಯಾರ ಹತ್ತಿರವೋ ಬೆಲ್ಲ ಬೇಡಿ ತಂದು ಎರಡು ಕಡುಬು ಮಾಡಿದ್ದಳು. ಮೊರದಲ್ಲಿ ಇಟ್ಟುಕೊಂಡು ಬೆಳಗಿನಿಂದ ರಸ್ತೆಯ ಪಕ್ಕದಲ್ಲಿ ಕುಳಿತಳು. ಊರಿನ ಎತ್ತುಗಳು ಕೋಡಿಗೆ ಬಣ್ಣ ಹಚ್ಚಿಸಿಕೊಂಡು ಅವಳ ಮುಂದೆಯೇ ಹಾದು ಹೋದವು. ಪ್ರತಿ ಚಕ್ಕಡಿಗೂ ಎದ್ದು ನಿಲ್ಲುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದು ಕಡುಬನ್ನು ಪಕ್ಕದ ಮಕ್ಕಳಿಗೆ ಕೊಟ್ಟಳು.

ದೊಡ್ಡವರಿಗೆ ನೂರು ಕೆಲಸ, ಮರೆತಿರಬಹುದು. ಆಶ್ರಮಕ್ಕೆ ನಾನೇ ಒಂದು ಕಾಗದ ಬರೆದೆ.

೧ ಜುಲೈ, ಗುರುವಾರ

ಕಾಗದ ತಿರುಗಿ ಬಂತು. ‘ಈ ವಿಳಾಸದಲ್ಲಿ ಇಂಥ ಸಂಸ್ಥೆ ಇಲ್ಲ.’

ವಿಳಾಸ ನಾನೇ ಬರೆದದ್ದು, ತಪ್ಪಿರಲಾರದು. ಇಂದು ಫಾರ್ಮು ತುಂಬಲಿಲ್ಲ. ತಲೆನೋವು.

೩ ಜುಲೈ, ಶನಿವಾರ. ಲಕ್ಷ್ಮೇಶ್ವರ

ಬಾಲಿಕಾಶ್ರಮ ಇಲ್ಲ. ಆ ಹೆಸರಿನದು ಎಂದೂ ಇರಲಿಲ್ಲ. ಮೈಲಾರಲಿಂಗಪ್ಪ ಹೇಳಿದ ಓಣಿಯಲ್ಲಿ ಕೀಲಿ ಹಾಕಿದ ಒಂದು ಮನೆ. ಕಿಟಕಿಯಲ್ಲಿ ಇಣುಕಿದರೆ ಶೇಂಗಾ ಚೀಲಗಳು. ಒಂದು ಕ್ಷಣ ಚೀಲಗಳನ್ನೇ ಎಣಿಸಿದೆ, ಒಂಬತ್ತು ಇದ್ದಾವೆಯೋ ಎಂದು. ತಲೆ ಸರಿಯಿಲ್ಲ.

ಟಾಂಗಾ ನಿಲ್ಲುವಲ್ಲಿ ಅಕ್ಬರಸಾಬ ಎಂಬವರು ಸಿಕ್ಕರು. “ಹುಡುಗ್ಯಾರ್ರಿ? ಮೇ ತಿಂಗಳ ಕಡೀಕ? ನಾನ ಬಿಟ್ಟ ಬಂದೇನ್ರಿ ಶಿರಹಟ್ಟಿಗೆ, ಎರಡ ಸಲಾ ಹೊಡದೆ. ಸಾಲಿಗೆ ಸೇರಸ್ತಾರ ಅಂದ್ರು. ಅಲ್ಲೇ ನಮ್ಮ ತಂಗಿ ಸುಗ್ರಾಬಿ ಅವಕ್ಕ ರೊಟ್ಟಿ ಬಡದ ಹಾಕ್ಯಾಳ.” ನನ್ನ ಮುಖ ನೋಡಿ ಕೇಳಿದರು, “ಯಾಕ್ರಿ, ಸಾಲಿಗೆ ಅಲ್ಲೇನ್ರಿ?”

ನಾಳೆ ನಸುಕಿನಲ್ಲೇ ಶಿರಹಟ್ಟಿಗೆ ಹೊರಡಬೇಕು.

೪ ಜುಲೈ, ರವಿವಾರ. ಶಿರಹಟ್ಟಿ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇದನ್ನೂ ಬಿಟ್ಟರೆ ನನಗೆ ಬೇರೇನು ಬರುತ್ತದೆ.

ಸುಗ್ರಾಬಿಯವರ ಪಕ್ಕದ ಮನೆಯಲ್ಲಿ ನಾಲ್ಕು ದಿನ ಇಟ್ಟಿದ್ದರು. ರೊಟ್ಟಿಗೆಂದು ಇವರನ್ನು ಕರೆದಿದ್ದರು. “ಎರಡ ದಿನಾ ನಾನೂ ಆಶ್ರಮದವರ ಅಂತ ತಿಳದೆನ್ರಿ. ಮೂರನೇ ದಿನಾ ಒಬ್ಬಾಂವ ಬಂದ. ಮನಿಗೆಲಸಕ್ಕ ಬೇಕು ಅಂದ. ಮನಿಗೆಲಸಕ್ಕ ಒಯ್ಯಾವ ಹುಡುಗ್ಯಾರ ಬಾಯಿ ತೆರಿಸಿ ಹಲ್ಲ ನೋಡ್ತಾನೇನ್ರಿ, ಸಂತ್ಯಾಗ ಕರಾ ನೋಡಿದಂಗ? ನಾ ಕೇಳಿದ್ದಕ್ಕ ಆ ಹೆಂಗಸು ಒಂದ ಕಾಗದಾ ತೋರಿಸಿದ್ಲು. ಕೆಂಪ ಗೆರಿ ಇದ್ದವು. ಯಾರೂ ಇಲ್ಲ ಇವಕ್ಕ, ಬರದದ್ದ ಐತಿ, ಅಂದ್ಲು. ನನಗ ಓದಾಕ ಬರೂದಿಲ್ರಿ.”

ಕೆಂಪು ಗೆರೆ. ಆ ಗೆರೆ ಹೊಡೆಯಲು ನಾನು ಅಳತೆಪಟ್ಟಿ ತರಿಸಿದ್ದೆ.

“ಒಬ್ಬಾಕಿ ಭಾಳ ಚುರುಕ ಇದ್ಲರಿ. ಹೆಸರೇನವ ಅಂದ್ರ ‘ಹದಿನೇಳು, ಹಾಜರ್ರಿ’ ಅಂತಿದ್ಲು. ಎಷ್ಟ ಸಲಾ ಕೇಳಿದ್ರೂ ಅದನ್ನ. ಅದೇನ್ರಿ, ಹೆಸರ ಅದು?”

ಅದು ಹೆಸರಲ್ಲ ಎಂದೆ. ಹೆಸರು ಉಡಚವ್ವ ಎಂದು ಹೇಳಿದೆ. ಅವರ ಕಟ್ಟೆಯ ಮೇಲೆ ಕುಳಿತು ಅತ್ತೆ, ಓಣಿಯ ಜನ ನೋಡಲಿ ಎಂದು ಅತ್ತೆ.

ಎಂಟು ಮಂದಿಯನ್ನು ಕೊರ್ಲಹಳ್ಳಿಯ ಕಡೆ ಒಯ್ದರಂತೆ, ಹೊಳೆ ದಾಟಿಸಲು. ಒಬ್ಬಳನ್ನು ಬಿಟ್ಟು ಹೋದರು: ಏಳು ವರ್ಷದ ಮುತ್ತವ್ವ. ಗೊಬ್ಬರ, ಅಂದರೆ ದಡಾರ, ಎದ್ದು ಮೈ ಸುಡುತ್ತಿತ್ತು, ದಾರಿಯಲ್ಲಿ ಸಾಯುತ್ತದೆ ಎಂದು ಬಿಟ್ಟರು. ಸುಗ್ರಾಬಿಯವರು ಒಂದು ತಿಂಗಳು ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಉಳಿಸಿಕೊಂಡಿದ್ದಾರೆ. ನಾನು ಯಾರು, ಹುಡುಗಿಯನ್ನು ಎಲ್ಲಿಗೆ ಒಯ್ಯುತ್ತೇನೆ, ಯಾರ ಕೈಗೆ ಕೊಡುತ್ತೇನೆ ಎಂದು ಮೂರು ಸಲ ಕೇಳಿ, ಆಮೇಲೂ ನಂಬದೆ ಅಣ್ಣನನ್ನು ನನ್ನ ಸಂಗಡ ಕಳಿಸಿದರು. ಅವರು ಕೇಳಿದ್ದನ್ನು ನಾನು ಮೈಲಾರಲಿಂಗಪ್ಪನಿಗೆ ಒಂದು ಸಲವೂ ಕೇಳಿರಲಿಲ್ಲ.

೫ ಜುಲೈ, ಸೋಮವಾರ. ಮುಂಡರಗಿ

ಟಾಂಗಾದಲ್ಲಿ ಒಂದು ಹುಡುಗಿ ಕುಳಿತದ್ದನ್ನು ದೂರದಿಂದಲೇ ನೋಡಿ ತಿಪ್ಪವ್ವ ಓಡಿ ಬಂದಳು. ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. ಹತ್ತಿರ ಬಂದು ಮುಖ ನೋಡಿ ನಿಂತಳು.

ಮುತ್ತವ್ವ ಪರಿಚಯದ ಮುಖ ಕಂಡು ಕೈ ಚಾಚಿತು. ತಿಪ್ಪವ್ವ ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ಎತ್ತಿಕೊಂಡು ಒಳಗೆ ಹೋದಳು.

ಎಲ್ಲ ಹೇಳಿದೆ. ಕೇಳಿದಳು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

೧೨ ಜುಲೈ, ಸೋಮವಾರ. ಕೊರ್ಲಹಳ್ಳಿ

ಹೊಳೆ ತುಂಬಿದೆ. ಹರಗೋಲು ಹಾಕುವುದಿಲ್ಲ. ಅಂಬಿಗರ ಹೇಮಪ್ಪ ಎಂಬ ಮುದುಕನಿಗೆ ನೆನಪಿದೆ. “ಜೂನದಾಗ, ನೀರ ಇನ್ನೂ ಕಡಿಮಿ ಇತ್ತು. ಎಂಟ ಹುಡುಗ್ಯಾರು. ಒಂದು ನಡು ಹೊಳಿಯೊಳಗ ನೀರ ನೋಡಿ ಹಂಗ ಚೀರಿತ್ರಿ, ಹರಗೋಲ ಮಗಚೀತು ಅನ್ನೂವಂಗ. ನೀರ ಅಂದ್ರ ಯಾಕ ಅಷ್ಟ ಅಂಜತಿತ್ತೋ ಏನೋ.”

ಯಾಕೆಂದು ನನ್ನ ಫಾರ್ಮಿನಲ್ಲಿದೆ. ಕಾಲಂ ಹದಿನಾಲ್ಕು, ತಾಯಿ ಸತ್ತ ಬಗೆ: ಬಾವಿ.

೧೯ ಜುಲೈ, ಸೋಮವಾರ. ಗದಗ

ಕಚೇರಿ ಕಚೇರಿ ತಿರುಗಿ ಕಾಲು ಬಾತಿವೆ. ಹುಡುಗಿ ನಿಜಾಮನ ಸೀಮೆಯವಳು, ಆದ್ದರಿಂದ ನಮ್ಮ ಪ್ರಜೆ ಅಲ್ಲ. ಕ್ಯಾಂಪು ಮುಂಬಯಿ ಪ್ರಾಂತದ್ದು, ಆದರೆ ಅಲ್ಲಿ ಯಾವ ಅಪರಾಧವೂ ನಡೆದಿಲ್ಲ, ಕ್ಯಾಂಪಿನವರೇ ಕೊಟ್ಟು ಕಳಿಸಿದ್ದಾರೆ. ಲಕ್ಷ್ಮೇಶ್ವರ ಒಬ್ಬ ರಾಜನದು, ಶಿರಹಟ್ಟಿ ಮತ್ತೊಬ್ಬನದು. ಮಾರ್ಚ್‌ನಲ್ಲಿ ವಿಲೀನವಾದವು, ದಫ್ತರು ಇನ್ನೂ ಬಂದಿಲ್ಲ. ಹೊಳೆಯ ಆಚೆ ಮದ್ರಾಸ್ ಪ್ರಾಂತ, ಅಲ್ಲಿಗೆ ಬರೆಯಬೇಕಾದರೆ ಮೇಲಿನವರು ಬರೆಯಬೇಕು. ಒಂದು ಚಕ್ಕಡಿ ಎರಡು ದಿನದಲ್ಲಿ ಹೋಗಿ ಬರುವ ನೆಲದಲ್ಲಿ ಐದು ಸರಕಾರ!

ಕಚೇರಿಯ ಹೊರಗೆ ಕರ್ನಾಟಕ ಒಂದಾಗಬೇಕೆಂದು ಭಾಷಣ ನಡೆದಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ಹೋದ ವರ್ಷ ತಟ್ಟಿದವನೇ. ಇಂದು ಅನ್ನಿಸಿತು, ಹುಡುಗಿಯರನ್ನು ಒಯ್ಯುವವರಿಗೆ ಕರ್ನಾಟಕ ಯಾವಾಗಲೋ ಒಂದಾಗಿದೆ. ಹುಡುಕುವವನಿಗಷ್ಟೇ ಗಡಿಗಳು ಅಡ್ಡ ಬರುತ್ತವೆ.

೧೫ ಆಗಸ್ಟ್, ರವಿವಾರ. ಮುಂಡರಗಿ

ಸ್ವಾತಂತ್ರ್ಯ ಬಂದು ವರ್ಷವಾಯಿತು. ಧ್ವಜ ಏರಿಸುವಾಗ ವೇದಿಕೆಯ ಮೇಲೆ ಮೈಲಾರಲಿಂಗಪ್ಪ ಇದ್ದ. ಕ್ಯಾಂಪಿನ ಮಕ್ಕಳಿಗೆ ತನ್ನ ಕೈಯಿಂದಲೇ ಬುಂದೆ ಹಂಚಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನೇ ಮಕ್ಕಳಿಗೆ ಎಷ್ಟು ಸಲ ಬರೆಸಿಲ್ಲ!

ಸಭೆ ಮುಗಿದ ಮೇಲೆ ಅಡ್ಡಗಟ್ಟಿದೆ. “ಎಲ್ಲಿ ಅದಾರ ಆ ಹುಡುಗ್ಯಾರು?”

“ಒಳ್ಳೊಳ್ಳೆ ಮನಿ ಸೇರ್ಯಾವ ಮಾಸ್ತರ.”

“ಯಾವ ಊರು? ಯಾರ ಮನಿ?”

ನನ್ನ ಹೆಗಲ ಮೇಲೆ ಕೈ ಇಟ್ಟ. ಆ ಕೈಯಲ್ಲಿ ಬುಂದೆಯ ತುಪ್ಪವಿತ್ತು. “ನೀವ ಬರದೀರಲ್ಲ, ಯಾರೂ ಇಲ್ಲ ಅಂತ. ಯಾರೂ ಇಲ್ಲದವರನ್ನ ಯಾರ ಕೇಳ್ತಾರ? ಯಾದಿ ನನ್ನ ಹತ್ರ ಜ್ವಾಕಿ ಐತಿ. ಕೆಳಗ ನಿಮ್ಮ ಸಹಿ ಐತಿ. ಗಲಾಟಿ ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಇಬ್ಬರೂ ಕೂಡೇ ಜೇಲಿಗೆ ಹೋಗೂಣು.”

ಹೊಡೆಯಲು ಕೈ ಎತ್ತಿದೆ. ಜನ ಹಿಡಿದುಕೊಂಡರು. ಮಾಸ್ತರನಿಗೆ ಬಿಸಿಲು ತಲೆಗೇರಿದೆ ಎಂದು ಅವನೇ ನನಗೆ ನೀರು ತರಿಸಿಕೊಟ್ಟ.

೨೪ ಆಗಸ್ಟ್

ಏನೂ ಇಲ್ಲ.

೨ ಸೆಪ್ಟೆಂಬರ್, ಗುರುವಾರ

ಹೊಳೆ ಇಳಿದ ಕೂಡಲೇ ದಾಟಿ ಹಡಗಲಿ, ಹೊಸಪೇಟೆ ಸುತ್ತಿ ಬಂದೆ. ಏಳು ದಿನ. ಛತ್ರ, ಸಂತೆ, ಹಾಡುವವರ ಓಣಿ, ದೊಡ್ಡ ಮನೆಗಳ ಹಿತ್ತಲು. ಹೆಸರು ಉಡಚವ್ವ, ಒಂಬತ್ತು ವರ್ಷ, ಎಡಗಣ್ಣಿನ ಮೇಲೆ ಗಾಯದ ಕಲೆ. ಕಲೆಯನ್ನು ತಿಪ್ಪವ್ವನ ಪಕ್ಕದ ಹೆಂಗಸು ಹೇಳಿದ್ದು. ನನ್ನ ಇಪ್ಪತ್ತೆರಡು ಕಾಲಮ್ಮಿನಲ್ಲಿ ಮುಖಕ್ಕೆ ಒಂದೂ ಇರಲಿಲ್ಲ.

ಹೊಸಪೇಟೆಯ ಸ್ಟೇಶನ್ನಿನಲ್ಲಿ ಒಂದು ರೈಲು ಹೊರಡುವುದಿತ್ತು. ಕಿಟಕಿ ಕಿಟಕಿ ಇಣುಕಿ ನೋಡುವಷ್ಟು ಹೊತ್ತು ಇರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತು “ಹದಿನೇಳು! ಹದಿನೇಳು!” ಎಂದು ಕೂಗಿದೆ. ಒಬ್ಬ ಕೂಲಿಯವನು ಬಂದು ಯಾವ ಡಬ್ಬಿ ಬೇಕು ಎಂದು ಕೇಳಿದ.

೨೩ ಸೆಪ್ಟೆಂಬರ್, ಗುರುವಾರ. ಮುಂಡರಗಿ

ಹೋದ ವಾರ ಸೈನ್ಯ ಹೋಗಿ ನಿಜಾಮನ ಆಟ ಮುಗಿಸಿತು. ಕ್ಯಾಂಪು ಒಡೆಯುತ್ತಿದೆ. ಡೊಳ್ಳು ಬಾರಿಸಿಕೊಂಡು ಊರಿಗೆ ಹೊರಟಿದ್ದಾರೆ. ಮುತ್ತವ್ವನ ಸೋದರಮಾವ ಹುಡುಕಿಕೊಂಡು ಬಂದು ಅವಳನ್ನು ಕರೆದೊಯ್ದ. ಹುಡುಗಿ ತಿಪ್ಪವ್ವನ ಸೆರಗು ಬಿಡಲಿಲ್ಲ. ತಿಪ್ಪವ್ವನೇ ಬೆರಳು ಒಂದೊಂದಾಗಿ ಬಿಡಿಸಿ ಕಳಿಸಿದಳು.

ಅವಳು ಮಾತ್ರ ಊರಿಗೆ ಹೋಗಲಿಲ್ಲ. ವ್ಯವಸ್ಥಾಪಕರು ಎಷ್ಟು ಹೇಳಿದರೂ ಒಂದೇ ಉತ್ತರ. “ಆಕಿಗೆ ಗೊತ್ತಿರೂದು ಈ ಜಾಗಾ ಒಂದರಿ. ತಪ್ಪಿಸ್ಕೊಂಡ ಬಂದ್ರ ಇಲ್ಲಿಗೇ ಬರ್ತಾಳ.” ಖಾಲಿ ವಖಾರಿಯಲ್ಲಿ ಮೊರ ಇಟ್ಟುಕೊಂಡು ಕುಳಿತಿದ್ದಾಳೆ. ನಾನು ಯಾಕೆ ಬೆಟಗೇರಿಗೆ ಹೋಗದೆ ಇಲ್ಲಿದ್ದೇನೋ ಗೊತ್ತಿಲ್ಲ. ಬೆಳಿಗ್ಗೆ ಅವಳ ಒಲೆಗೆ ಕಟ್ಟಿಗೆ ಹಾಕಿ ಬರುತ್ತೇನೆ. ಕಟ್ಟಿಗೆ ಉರಿಸುತ್ತಾಳೆ, ಮಾತಾಡುವುದಿಲ್ಲ.

೧೪ ಅಕ್ಟೋಬರ್, ಗುರುವಾರ. ಬೆಟಗೇರಿ

ನಡೆದದ್ದನ್ನೆಲ್ಲ ಎಂಟು ಪುಟ ಬರೆದು ಪುಣೆಗೆ ಕಳಿಸಿದ್ದೆ. ಪ್ರೊಫೆಸರರು ಅವನ್ನು ಮರಳಿ ಕಳಿಸಿದ್ದಾರೆ. ಮನಕಲಕುವ ಬರಹ, ಆದರೆ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಒಂದು ಪ್ರಕರಣದಿಂದ ಏನನ್ನೂ ಸಾಬೀತುಪಡಿಸಲಾಗುವುದಿಲ್ಲ. ವರದಿ ಅಚ್ಚಿಗೆ ಹೋಗಿದೆ. ಒಂಬತ್ತನೆಯ ಕೋಷ್ಟಕದ ಕೊನೆಯ ಸಾಲು: ಪುನರ್ವಸತಿ ಹೊಂದಿದ ಮಕ್ಕಳು, ೯. ಅವರು ಕೆಟ್ಟವರಲ್ಲ. ಮೇ ತಿಂಗಳಲ್ಲಿ ನನಗೆ ಯಾರಾದರೂ ಆ ಎಂಟು ಪುಟ ಕಳಿಸಿದ್ದರೆ ನಾನೂ ಇದನ್ನೇ ಬರೆಯುತ್ತಿದ್ದೆ.

ಈಗ ನಿಜಾಮನ ಸೀಮೆಯಿಂದ ಮುಸಲ್ಮಾನರ ಕುಟುಂಬಗಳು ಅಂಜಿ ಈಚೆ ಬರುತ್ತಿವೆಯಂತೆ. ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದವರ ಮನೆ ಸುಟ್ಟಿದ್ದಾರೆ. ಹೋಲಿಕೆಗೆ ಅವರದೂ ಪಾಹಣಿ ಬೇಕು, ಉಳಿದ ಫಾರ್ಮು ಬಳಸಿರಿ ಎಂದು ಪ್ರೊಫೆಸರರು ಬರೆದಿದ್ದಾರೆ. ಒಲೆಗೆ ಹಾಕಬೇಕೆಂದು ಎತ್ತಿಕೊಂಡೆ. ಅವ್ವ ಕೈ ಹಿಡಿದಳು.

“ನೀ ಬಿಟ್ರ ಇನ್ನೊಬ್ಬಾಂವ ಬರೀತಾನ. ನಿನ್ನಷ್ಟ ಜಾಣಾ ಇರ್ತಾನ ಅಂವನೂ.”

೮ ನವೆಂಬರ್, ಸೋಮವಾರ. ಮುಂಡರಗಿ

ಅದೇ ವಖಾರಿ. ಎಪ್ಪತ್ತು ಮಂದಿ ಬಂದಿದ್ದಾರೆ. ನೀರು ಹಾಕಲು ಯಾರೂ ಇರಲಿಲ್ಲ. ತಿಪ್ಪವ್ವ ಯಾರೂ ಹೇಳದೆಯೇ ಕೊಡ ಹೊತ್ತು ತಂದು ಒಬ್ಬೊಬ್ಬರ ಬೊಗಸೆಗೂ ಹಾಕುತ್ತಿದ್ದಳು. ಗಂಡನನ್ನು ಕಳೆದುಕೊಂಡವಳು ಇವರಿಗೆ ನೀರು ಹಾಕುತ್ತಾಳೆಂದು ಹೊರಗೆ ಇಬ್ಬರು ಏನೋ ಅಂದರು. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ನಾಲ್ಕನೆಯ ಫಾರ್ಮು, ಜನ್ನತಬಿ. ಮೂವತ್ತು ವರ್ಷವಿರಬೇಕು, ಕೇಳಲಿಲ್ಲ. ಮಗ್ಗುಲಲ್ಲಿ ಐದಾರು ವರ್ಷದ ಹುಡುಗಿ, ಕಾಲಿಗೆ ಚಿಂದಿ ಕಟ್ಟಿತ್ತು.

“ಈ ಹುಡುಗಿ?”

“ನನ್ನ ಮಗಳ್ರಿ.” ಕಣ್ಣು ನೆಲದ ಮೇಲಿದ್ದವು.

“ಹೆಸರು?”

ಜನ್ನತಬಿ ತಡವರಿಸಿದಳು. ಹುಡುಗಿಯೇ “ಬೀಬಿಜಾನ” ಎಂದಿತು. ಆಮೇಲೆ ಅವಳ ಸೆರಗು ಎಳೆದು “ಚಾಚಿ, ನೀರು” ಎಂದು ಕೇಳಿತು. ಚಾಚಿ ಎಂದರೆ ಚಿಕ್ಕವ್ವ, ಅವ್ವ ಅಲ್ಲ. ಜನ್ನತಬಿ ನನ್ನ ಪೆನ್ಸಿಲನ್ನೇ ನೋಡಿದಳು.

ಬರೆದೆ: ಬೀಬಿಜಾನ, ಮಗಳು.

ಆಮೇಲೆ ಪೆನ್ಸಿಲು ಬಿಟ್ಟು ಮಸಿಯಲ್ಲಿ ಅದನ್ನೇ ಮತ್ತೊಮ್ಮೆ ತಿದ್ದಿದೆ, ಅಳಿಸಲು ಬಾರದಂತೆ. ತಲೆ ಎತ್ತಿದರೆ ತಿಪ್ಪವ್ವ ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಎಲ್ಲವನ್ನೂ ಕೇಳಿದ್ದಳು. ಹುಡುಗಿಗೆ ನೀರು ಹಾಕಿದಳು, ಅದು ಕುಡಿದು ಮುಗಿಯುವವರೆಗೆ ಕಾದಳು. ನಾಲ್ಕು ತಿಂಗಳಾದ ಮೇಲೆ ನನ್ನ ಹತ್ತಿರ ಮಾತಾಡಿದಳು.

“ಹಿಂಗೂ ಬರಿಯಾಕ ಬರ್ತಿತ್ತೇನ್ರಿ ನಿಮಗ?”

ಕೊಡ ಎತ್ತಿಕೊಂಡು ಮುಂದಿನವರ ಕಡೆ ಹೋದಳು. ನಾನು ಐದನೆಯ ಫಾರ್ಮು ತೆಗೆದುಕೊಂಡೆ.